ಎಡಗಡೆ ತಿಥಿ, ಬಲಗಡೆ ಮದುವೆ

ಕೆಲಸ ತಪ್ಪಿಸಿಕೊಳ್ಳಲು ಸೋಮಾರಿಗಳು ಪಡುವಷ್ಟು ಕಷ್ಟವನ್ನು ಕೆಲಸ ಮಾಡುವವರು ಎಂದೂ ಪಡುವುದಿಲ್ಲ. ಇದನ್ನು ಅಧಿಕಾರದಿಂದಲೇ ಹೇಳಬಲ್ಲೆ. ಹೊಳೆನರಸೀಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮದುವೆ, ತಿಥಿಗಳ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಡುವುದು ನನ್ನ ಕಸುಬು. ಹೆಸರು, ದಿನ, ಛತ್ರ ಬಿಟ್ಟರೆ ಎಲ್ಲದರಲ್ಲೂ ಅವೇ ಸಾಲುಗಳು. ‘ಗುರುಹಿರಿಯರು ನಿಶ್ಚಯಿಸಿರುವಂತೆ’ ಎಂದು ಕುಟ್ಟಿ ಕುಟ್ಟಿ ನನ್ನ ಬೆರಳುಗಳಿಗೆ ಸಂಸಾರದ ಮೇಲೇ ಜಿಗುಪ್ಸೆ ಬಂದಿತ್ತು.

ಒಳಕೋಣೆಯಲ್ಲಿ ಹೆಂಡತಿ ಶಾರದೆ ಸಂಗೀತದ ಪಾಠ ಹೇಳುತ್ತಾಳೆ. ಅವಳು ನುಡಿಸಲು ಹೊಸ ಕೀಬೋರ್ಡು ಕೊಂಡಾಗ ಹಳೆಯದು ಅಟ್ಟ ಸೇರಬೇಕಿತ್ತು. ಅದನ್ನು ಕಂಪ್ಯೂಟರಿಗೆ ಜೋಡಿಸಿ, ಒಂದು ಸಾಫ್ಟ್‌ವೇರ್ ಹಾಕಿದರೆ, ಒಂದು ಕೀ ಒತ್ತಿದಾಗ ಒಂದಿಡೀ ಸಾಲು ತಾನಾಗಿ ಟೈಪಾಗುತ್ತದೆಂದು ಮೊಬೈಲಿನ ವಿಡಿಯೋ ನೋಡಿ ಕಲಿತೆ. ಬಲಗಡೆಯ ಕೀಗಳಿಗೆ ಮದುವೆಯ ಸಾಲು, ಎಡಗಡೆಯ ಮಂದ್ರದ ಕೀಗಳಿಗೆ ತಿಥಿಯ ಸಾಲು. ಜೊತೆಗೆ ಸ್ವರವೂ ಬರುತ್ತಿತ್ತು. ನನಗೆ ಸಂಗೀತದ ಗಂಧವಿಲ್ಲ. ಶಾರದೆ ಹಾಡು ನಿಲ್ಲಿಸಿದ್ದು ಗೊತ್ತಾದರೆ ‘ಭೇಷ್’ ಅನ್ನುತ್ತೇನೆ, ಅಷ್ಟೇ. ಅವಳು ಮಾತ್ರ ಒಳಗಿನಿಂದಲೇ ಸ್ವರ ಕೇಳಿ, “ಮದುವೆ ಕಾರ್ಡೇನ್ರೀ?” ಅನ್ನುತ್ತಿದ್ದಳು.

ಮೊನ್ನೆ ಅರಕಲಗೂಡು ಕಡೆಯ ಬೋರೇಗೌಡರು ಮಗಳ ಮದುವೆ ಕಾರ್ಡಿಗೆಂದು ಬಂದರು. ಎರಡು ಸಂಬಂಧ ಮುರಿದುಬಿದ್ದು ಈಗ ಚನ್ನರಾಯಪಟ್ಟಣದ್ದೊಂದು ಕೂಡಿಬಂದಿತ್ತು. ರಾಹುಕಾಲ ಕಳೆಯುವವರೆಗೂ ಪಾಪ ಜಗಲಿಯಲ್ಲೇ ಕೂತಿದ್ದರು. ನಾನು ಹೆಸರುಗಳನ್ನು ಟೈಪು ಮಾಡಿ ಮುಗಿಸುವಾಗ ಅವರಿಗೆ ಬೀಗರ ಫೋನು ಬಂತು. ಮಾತಿಗೆ ಅಡ್ಡಿಯಾಗದಿರಲೆಂದು ಸದ್ದು ತಗ್ಗಿಸಲು ಕೀಬೋರ್ಡಿನ ಕೆಳಮುಖ ಬಾಣದ ಗುಂಡಿ ಒತ್ತಿದೆ. ಸದ್ದೇನೂ ತಗ್ಗಲಿಲ್ಲ. ಹೋಗಲಿ ಎಂದು, ಸ್ಕ್ರೀನನ್ನೂ ನೋಡದೆ, ಗೌಡರ ಕಡೆ ಮುಗುಳ್ನಗುತ್ತ ವಿದ್ವಾಂಸರ ಗತ್ತಿನಲ್ಲಿ ಬಲಗಡೆಯ ಕೀಗಳನ್ನು ನುಡಿಸತೊಡಗಿದೆ.

ಒಳಗಿನಿಂದ ಶಾರದೆ ಕೂಗಿದಳು: “ರೀ, ಯಾರು ಹೋಗ್ಬಿಟ್ರು?”

ಗೌಡರು ಫೋನಿಗೆ ಅಂಗೈ ಅಡ್ಡ ಹಿಡಿದರು. “ಏನ್ ಸಾ? ಯಾರ್ ಓಗ್ಬುಟ್ರು?”

ಸ್ಕ್ರೀನ್ ನೋಡಿದೆ. ಮದುಮಗನ ಹೆಸರಿನ ಕೆಳಗೆ ‘ಇವರ ಆತ್ಮಕ್ಕೆ ಚಿರಶಾಂತಿ ಕೋರುವ’ ಎಂದಿತ್ತು! ಆ ಗುಂಡಿ ತಗ್ಗಿಸಿದ್ದು ಸದ್ದನ್ನಲ್ಲ, ಸ್ಥಾಯಿಯನ್ನು. ಮದುವೆಯ ಕೀಗಳೆಲ್ಲ ಮಂದ್ರಕ್ಕಿಳಿದು ತಿಥಿಯ ಕೀಗಳಾಗಿದ್ದವು.

“ಇನ್ನೂ ತಾಳೀನೇ ಕಟ್ಟಿಲ್ಲ, ಆಗ್ಲೇ ತಿಥಿ ಮಾಡ್ಬುಟ್ರಲ್ಲಾ ಸಾ! ಈ ಸಂಬಂಧಾನೂ ಓದ್ರೆ ನನ್ ಮಗಳ ಗತಿ ಏನು?” ಗೌಡರು ಫೋನು ಕತ್ತರಿಸಿದರು. ಎದ್ದು ಚಪ್ಪಲಿ ಹುಡುಕತೊಡಗಿದರು. ನನಗೇ ಅಳು ಬರುವಂತಾಯಿತು.

ಶಾರದೆ ಅರಿಶಿನದ ಬಟ್ಟಲು ಹಿಡಿದು ಬಂದಳು. “ಕೂತ್ಕೊಳ್ಳಿ ಅಣ್ಣಾ. ಅರಿಶಿನ ಬೀಳದೆ ಅದು ಲಗ್ನಪತ್ರಿಕೆಯೇ ಅಲ್ಲ. ಈಗ ಶುರು ಮಾಡೋದೇ ಲೆಕ್ಕ” ಎಂದು, ಬರೆದದ್ದನ್ನೆಲ್ಲ ಅಳಿಸಿ, ಪತ್ರಿಕೆಗೆ ಹಚ್ಚುವಂತೆ ಕೀಬೋರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಸ್ಥಾಯಿ ಸರಿಪಡಿಸಿ, ತಾನೇ ನುಡಿಸಿದಳು. ಗೌಡರು ಕಣ್ಣೊರೆಸಿಕೊಂಡರು. “ಇದು ಕಣವ್ವ ಮದ್ವೆ ಸದ್ದು!”

ಮದುವೆ ಸಾಂಗವಾಗಿ ನಡೆಯಿತು. ಈಗ ಹಾಸನದಿಂದಲೂ ಜನ ಬಂದು, “ಅಮ್ಮಾವ್ರೇ ನುಡಿಸ್ಲಿ ಸಾ, ಕೈಗುಣ ಒಳ್ಳೇದಂತೆ” ಅನ್ನುತ್ತಾರೆ. ಮದುವೆಗಳೆಲ್ಲ ಅವಳ ಪಾಲಾಗಿವೆ, ನನಗೆ ತಿಥಿಗಳು ಉಳಿದಿವೆ. ನಾನು ನುಡಿಸಿ ಮುಗಿಸಿದಾಗ ಒಳಗಿನಿಂದ ‘ಭೇಷ್’ ಎಂದು ಕೇಳಿಸುತ್ತದೆ. ಅವಳು ಕೇಳಿಸಿಕೊಂಡು ಹೇಳುತ್ತಾಳೋ, ನನ್ನ ಹಾಗೆ ಹೇಳುತ್ತಾಳೋ, ವಿಚಾರಿಸುವ ಧೈರ್ಯ ನನಗಿಲ್ಲ.