ವೈರ್ ಕಾಣಬಾರ್ದು

ಮನಿ ಮನಿಗೆ ಇಂಟರ್ನೆಟ್ ವೈರ್ ಎಳಿಯೂ ಕೆಲಸ ನಂದು. ಮೂಲಿ ಹಿಡದು, ಕ್ಲಿಪ್ ಬಡದು, ವೈರ್ ಕಣ್ಣಿಗೆ ಬೀಳದಂಗ ಎಳಿಯೂದ್ರಾಗ ನನ್ನ ಕೈ ಚೊಲೋ ಐತಿ. ಆದ್ರ ಗುಂಡಿಗಿ ಪುಕ್ಕಲು. ಅದೇನ ಕರ್ಮಾನೋ, ಯಾವ ಊರಿಗೆ ಹೋದ್ರೂ ಅಂಜಿಕಿ ಬರೂ ಮನಿನ ನನ್ನ ಪಾಲಿಗೆ ಬರ್ತಾವ.

ಹತ್ತರಗಿ

ಮನಿಯವ್ರು ಹೊಲಕ್ಕ ಹೋಗಿದ್ರು. ಗ್ವಾಡಿ ತೂತಿನಾಗ ವೈರ್ ಆಕಡೆ ತೂರಿಸಿದ್ನಿ. ಯಾರೋ ಜಗ್ಗಿದ್ರು. ನಾನೂ ಜಗ್ಗಿದ್ನಿ. ಮತ್ತ ಜಗ್ಗಿದ್ರು, ಸಾವಕಾಶ. "ಯಾರ್ರಿ ಅದು?" ಅಂದ್ನಿ. ತೂತಿನಿಂದ ಬಿಸಿ ಉಸರು ನನ್ನ ಮುಖಕ್ಕ ಬಡೀತು. ಡ್ರಿಲ್ ಅಲ್ಲೇ ಒಗದು ಹೈವೇ ತನಕಾ ಓಡಿದ್ನಿ.

ಸಂಜಿಗೆ ಆ ಮನಿಯಿಂದ ಫೋನ್ ಬಂತು. "ಏನ್ರಿ, ನಮ್ಮ ಎಮ್ಮಿಗೆ ವೈರ್ ತಿನಿಸಿ ಹೋಗೀರಲ್ಲ?"

ಮಸಗುಪ್ಪಿ

ಇಲ್ಲಿ ನಾ ಒಂದು ಕ್ಲಿಪ್ ಬಡದ್ರ ಗ್ವಾಡಿ ಒಳಗಿಂದ ತಿರಗಿ ಟಕ್ ಟಕ್ ಅಂತಿತ್ತು. ನಾ ನಿಂತ್ರ ಅದೂ ನಿಲ್ತಿತ್ತು. ಕಿವಿ ಹಚ್ಚಿದ್ನಿ. ಹೆಣ್ಣದನಿಯೊಂದು "ಶ್ಶ್..." ಅಂತು. ಏಣಿ ಸೈತ ಬಿಟ್ಟು ಬಂದ್ನಿ.

ನಮ್ಮ ಇಂಟರ್ನೆಟ್ ಅಂಗಡಿ ಮಾಲಕ ಬಾಯಿಗೆ ಬಂದಂಗ ಬೈದ. "ಅಕಿ ಬಾಜೂ ಮನಿ ಬಾಣಂತಿಯೋ ಮಾರಾಯಾ! ಕೂಸು ಮಲಗೇತಿ, ಬಡೀಬ್ಯಾಡ ಅನ್ನಾಕತ್ತಿದ್ಲು. ಇನ್ನೊಮ್ಮಿ ಓಡಿ ಬಂದ್ರ ಕೆಲಸಕ್ಕ ಬರಬ್ಯಾಡ."

ಖರೇನ ಹೆದರಿದ್ನಿ. ನಮ್ಮ ಮನಿ ನಡಿಯೂದ ಈ ಕೆಲಸದ ಮ್ಯಾಲೆ. ಮನಿಯಾಗಿನಾಕಿಗೆ ಹೇಳಿದ್ರ, "ಕೆಲಸ ಬಿಟ್ಟು ಬರ್ರಿ ನೋಡೂನು, ದೆವ್ವ ಅಂದ್ರ ಏನಂತ ನಾ ತೋರಸ್ತೇನಿ" ಅಂದ್ಲು.

ಗೋಕಾಕ

ಅವತ್ತು ಹಿರಿಯರಿಗೆ ಎಡಿ ಇಡೂ ಅಮಾಸಿ. ಮನಿ ಯಜಮಾನ್ರು, "ವೈರ್ ಕಾಣಬಾರ್ದು. ನಮ್ಮಪ್ಪ ತೀರಿಕೊಂಡಾನಲ್ರಿ, ಅವನ ಫೋಟೋದ ಹಿಂದ ಹಾಯಿಸಿ ತಗೀರಿ" ಅಂದ್ರು. ನಾನು ಬಾಜೂ ಕತ್ತಲಿ ಖೋಲಿಯಾಗ ಕುಂತು ಫೋಟೋದ ಹಿಂದ ಬರೂವಂಗ ತೂತು ಕೊರದ್ನಿ.

ಮನಿ ಒಮ್ಮೆಲೆ ತಣ್ಣಗಾತು. ಮಾತಿಲ್ಲ, ಹೆಜ್ಜಿ ಸಪ್ಪಳಿಲ್ಲ. ತೂತಿನಿಂದ ಊದಿನಕಡ್ಡಿ ವಾಸನಿ. ಎಲ್ಲೋ ಬಾಗ್ಲಾ ಕಿರ್ರಂತ ಮುಚ್ಚಿಕೊಂಡ್ತು. ಓಡಾಕಂತ ಎದ್ನಿ. ಓಡಿದ್ರ ಕೆಲಸ ಹೋಕ್ಕೈತಿ! ಹಲ್ಲ ಕಚ್ಚಿ ವೈರ್ ತೂರಿಸಿದ್ನಿ.

ಅಷ್ಟ್ರಾಗ ಹೊರಗಿಂದ ಆ ಮನಿ ಆಯಿ, ಅಂದ್ರ ಯಜಮಾನ್ರ ಅವ್ವನ ದನಿ ಕೇಳಿಸ್ತು. "ಎಲ್ಲಾ ಬಡಿಸೇನ್ರಿ, ಉಣ್ಣಾಕ ಬರ್ರಿ."

ಅಬ್ಬಾ, ಮನಶ್ಯಾರ ದನಿ! ಹೋದ ಜೀವ ಬಂದಂಗಾತು. ಹೊಟ್ಟಿನೂ ಹಸದಿತ್ತು. ತೂತಿಗೆ ಬಾಯಿ ಹಚ್ಚಿ ಕೂಗಿದ್ನಿ: "ಬಂದ್ನಿ, ಬಂದ್ನಿ! ಹೋಳಿಗಿ ಮ್ಯಾಲೆ ತುಪ್ಪ ಜೋರ ಇರ್ಲಿ!"

ಹೊರಗ ಒಮ್ಮೆಲೆ ಚೀರಾಟ, ಓಡಾಟ. ಆಮ್ಯಾಲೆ ತಿಳೀತು: ಫೋಟೋದ ಮುಂದ ಎಡಿ ಇಟ್ಟು, ಹಿರ್ಯಾ ಬಂದು ಉಣ್ಣಲಿ ಅಂತ ಬಾಗ್ಲಾ ಮುಚ್ಚಿ ಎಲ್ಲಾರೂ ಅಂಗಳದಾಗ ನಿಂತಿದ್ರು. ನಾ ಒಳಗಿರೂದ ಮರತಿದ್ರು. ಕಿಟಕಿಯಾಗ ಹಣಿಕಿ ಹಾಕಿದವ್ರಿಗೆ ಕಂಡಿದ್ದು, ನನ್ನ ವೈರ್ ತಾಗಿ ಫೋಟೋ ಅಲಗ್ಯಾಡಿದ್ದು.

ಆಯಿ ಒಬ್ಬಾಕಿ ಓಡಲಿಲ್ಲ. ತುಪ್ಪದ ಗಿಂಡಿ ಹಿಡಕೊಂಡು ಒಳಗ ಬಂದು ಫೋಟೋಕ್ಕ ಬೈಯಾಕತ್ತಿದ್ಲು: "ಸತ್ತ ಮ್ಯಾಲೂ ತುಪ್ಪದ ಚಟ ಬಿಡಲಿಲ್ಲಲ್ರಿ ನೀವು!" ಕತ್ತಲಿ ಖೋಲಿಯಿಂದ ಹೊರಗ ಬಂದ ನನ್ನ ನೋಡಿ ನಕ್ಕೋತ, ಕೂಡಿಸಿ ನನಗೂ ಬಡಿಸಿದ್ಲು.

ಹೋಳಿಗಿ ಮುರಿಯೂದ್ರಾಗ ಮಾಲಕನ ಫೋನು. "ಗಲಾಟಿ ಆಗೇತಂತ? ಮತ್ತ ಓಡಿದ್ಯೇನ?"

"ಇಲ್ರಿ ಮಾಲಕ್ರ. ಈ ಸಲ ಮನಿಯವ್ರ ಓಡ್ಯಾರ. ನಾ ಉಣ್ಣಾಕತ್ತೇನಿ."