ಶ್ರೀಧರನ ಶಾಂಪೇನ್, ನನ್ನ ಶೋಕೇಸು

ದೂರದವರನ್ನು ಕಂಡು ನನಗೆ ಹೊಟ್ಟೆಕಿಚ್ಚು ಬರುವುದಿಲ್ಲ. ಯಾವನೋ ಶ್ರೀಮಂತ ಇನ್ನೊಂದು ವಿಮಾನ ಕೊಂಡನೆಂದರೆ 'ಪಾಪ, ಎಲ್ಲಿ ನಿಲ್ಲಿಸುತ್ತಾನೋ' ಎಂದು ಮರುಗುವ ಜೀವ ನನ್ನದು. ನನ್ನ ಹೊಟ್ಟೆ ಉರಿಯಬೇಕಾದರೆ ಆಸಾಮಿ ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಇರಬೇಕು. ಹನುಮಂತನಗರದಲ್ಲಿ ಹಾಗಿದ್ದವನು ಶ್ರೀಧರ. ನಮ್ಮ ಮನೆಗೆ ಬಣ್ಣದ ಟೀವಿ ಬಂದ ವಾರವೇ ಅವನು ರಿಮೋಟ್ ಇರುವುದನ್ನು ತಂದ. ನಮಗೆ ಫೋನು ಬರುವಷ್ಟರಲ್ಲಿ ಅವನ ಜೇಬಿನಲ್ಲಿ ಮೊಬೈಲು ಹಾಡುತ್ತಿತ್ತು. ಅಷ್ಟನ್ನೂ ನುಂಗಿಕೊಂಡಿದ್ದೆ. ಆಮೇಲೆ ಶಾಂಪೇನ್ ಬಂತು.

ಅವನ ರಫ್ತು ಕಂಪನಿಗೆ ಬಂದಿದ್ದ ಫ್ರೆಂಚ್ ಸಾಹೇಬರು ಕೊಟ್ಟದ್ದಂತೆ. ಯಾರೋ ಹಾಲಿವುಡ್ ನಟಿ ಶಾಂಪೇನ್ ಮಾಡುವವರ ಜೊತೆ ಕೂತು, ರುಚಿ ನೋಡಿ ಆರಿಸಿ, ಲೇಬಲ್ಲಿಗೆ ತಾನೇ ಚಿತ್ರ ಬರೆದು ಸಹಿ ಹಾಕಿದ್ದಳಂತೆ. ಲೋಕದಲ್ಲೇ ಕೆಲವೇ ಬಾಟಲಿಗಳು, ಒಂದೊಂದಕ್ಕೂ ನಂಬರು. ಅದರ ದ್ರಾಕ್ಷಿ ಬೆಳೆದದ್ದು ನನ್ನ ಮದುವೆಯಾದ ವರ್ಷ. ಅಂದಿನಿಂದ ಬೆಲೆ ಏರಿದ್ದು ಬಾಟಲಿಗೆ ಮಾತ್ರ. ಶ್ರೀಧರ ಕುಡಿಯುವವನಲ್ಲ. ಶೋಕೇಸಿನಲ್ಲಿಟ್ಟು ಅದಕ್ಕೊಂದು ಬಲ್ಬು ಹಾಕಿಸಿದ. ಬೀದಿಯವರೆಲ್ಲ ಏನೇನೋ ನೆಪ ಮಾಡಿಕೊಂಡು ಹೋಗಿ ನೋಡಿ ಬಂದರು. ನನ್ನ ಹೆಂಡತಿ ಸುಧಾ ಎರಡು ಸಲ ಹೋದಳು. ನಮ್ಮ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳೂ, ನಿಂಬೆಹಣ್ಣು ಚಮಚದ ಓಟದಲ್ಲಿ ಮಗಳು ಗೆದ್ದ ಕಪ್ಪೂ ಇದ್ದವು. ಅವನ್ನು ನೋಡಲು ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ಶ್ರೀಧರ ಬಾಟಲಿಯನ್ನು ಎಳೆಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬಂದ.

"ಗುರು, ಒಂದು ಹೆಲ್ಪ್ ಆಗ್ಬೇಕು. ಸತ್ಯನಾರಾಯಣ ಪೂಜೆಗೆ ವಸಂತಪುರದಿಂದ ನಮ್ಮ ಮಾವ ಬರ್ತಿದಾರೆ. ಇದನ್ನ ನೋಡಿದ್ರೆ ನಮ್ಮನೇಲಿ ನೀರೂ ಮುಟ್ಟಲ್ಲ. ಎರಡು ದಿನ ನಿಮ್ಮನೇಲಿರ್ಲಿ."

"ಬೀರು ಒಳಗೆ, ಸೀರೆ ಹಿಂದೆ ಇಟ್ಬಿಡಿ" ಎಂದಳು ಸುಧಾ. ನಾನು ಕೇಳಲಿಲ್ಲ. ಮಗಳ ಕಪ್ಪನ್ನು ಮೂಲೆಗೆ ತಳ್ಳಿ, ನಟಿಯ ಸಹಿ ಕಾಣುವಂತೆ ಶೋಕೇಸಿನ ನಟ್ಟನಡುವೆ ನಿಲ್ಲಿಸಿದೆ. ಎರಡು ದಿನವಾದರೂ ಅದು ನನ್ನದಾಗಿರಲಿ ಎನ್ನುವ ಆಸೆ. ಹಾಲಿನವನಿಗೂ ಇಸ್ತ್ರಿಯವನಿಗೂ ಒಳಗೆ ಕರೆದು ತೋರಿಸಿದೆ.

ಪೂಜೆಯಾದ ಮೇಲೆ ಅಕ್ಕಪಕ್ಕದ ಮನೆಗಳಿಗೆ ಪ್ರಸಾದ ಕೊಡುತ್ತಾರೆಂಬುದು ಮಾತ್ರ ಮರೆತೇ ಹೋಗಿತ್ತು. ಸಂಜೆ ಸಜ್ಜಿಗೆಯ ಬಟ್ಟಲು ಹಿಡಿದು ಬಂದವರು ಸಾಕ್ಷಾತ್ ಮಾವನವರೇ, ಹಿಂದೆ ಶ್ರೀಧರ. ಮಾವ ನಿವೃತ್ತ ಮೇಷ್ಟ್ರು, ಅಕ್ಷರ ಕಂಡರೆ ಓದದೆ ಬಿಡುವವರಲ್ಲ. ಕನ್ನಡಕ ಏರಿಸಿ ಲೇಬಲ್ಲನ್ನು ಪೂರ್ತಿ ಓದಿದರು. ನಾನು ಶ್ರೀಧರನನ್ನು ನೋಡಿದೆ. ಅವನು ಫ್ಯಾನು ನೋಡಿದ.

"ಇದು ನಿಮ್ದೇನಪ್ಪಾ?"

ಅಲ್ಲ ಎನ್ನಬಹುದಿತ್ತು. ಆದರೆ ಶ್ರೀಧರನ ಎದುರಿಗೇ, ಅವನು ತುಟಿಪಿಟಕ್ಕೆನ್ನಲಾಗದ ಹಾಗೆ, ಅದು ನನ್ನದೆನ್ನುವ ಅವಕಾಶ ಇನ್ನೊಮ್ಮೆ ಸಿಗುತ್ತಿತ್ತೇ?

"ಹೌದು ಸಾರ್, ನಂದೇ" ಎಂದೆ.

ಮಾವ ಬಟ್ಟಲನ್ನು ನನಗೆ ಕೊಡದೆ ಸುಧಾಳ ಕೈಗಿಟ್ಟರು. "ಮಗು ಇರೋ ಮನೆ, ಬಿಟ್ಬಿಡಪ್ಪಾ" ಎಂದು ಹೊರಟರು.

ಮೂರನೆಯ ದಿನ ಬಾಟಲಿ ಶ್ರೀಧರನ ಮನೆಗೆ ಮರಳಿತು. ಕುಡುಕನೆಂಬ ಹೆಸರು ನಮ್ಮ ಮನೆಯಲ್ಲೇ ಉಳಿಯಿತು. ಶಾಂಪೇನು ಸಿಹಿಯೋ ಹುಳಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಸುಧಾ ವಾರವಿಡೀ ಮಾತು ಬಿಟ್ಟಳು.

ಮುಂದಿನ ಸಲ ಮಾವ ಬಂದಾಗ ನಾನು ಗೇಟಿನ ಬಳಿ ನಿಂತಿದ್ದೆ. ಜೊತೆಗಿದ್ದ ನೆಂಟರಿಗೆ ನನ್ನನ್ನು ತೋರಿಸಿ, "ಒಳ್ಳೆ ಮನುಷ್ಯ, ಪಾಪ, ಕುಡೀತಾರೆ. ಆದ್ರೆ ಭಾರಿ ಬೆಲೆದೇ ಕುಡೀತಾರೆ. ನಮ್ಮ ಅಳಿಯಂಗೆ ಅಂಥದ್ದನ್ನ ಕಣ್ಣಲ್ಲಿ ನೋಡೋ ಯೋಗಾನೂ ಇಲ್ಲ" ಎಂದರು. ಪಕ್ಕದಲ್ಲಿದ್ದ ಶ್ರೀಧರನ ಮುಖ ಇಷ್ಟು ಚಿಕ್ಕದಾಯಿತು.

ನಾನು ಗೇಟು ಹಿಡಿದುಕೊಂಡು, ಸುಧಾ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಸ್ವಲ್ಪ ತೂರಾಡಿದೆ.