ಭೀಮಿಲಿ ದಾರಿಯ ಸೈಕಲ್ ಪಜೀತಿಗಳು

ಕಾರಿನಲ್ಲೋ ಬೈಕಿನಲ್ಲೋ ಹೋಗುವವರಿಗೆ ಏನೂ ಆಗುವುದಿಲ್ಲ. ಹೋಗುತ್ತಾರೆ, ಬರುತ್ತಾರೆ, ಅಷ್ಟೆ. ಐವತ್ತೆರಡನೆಯ ವಯಸ್ಸಿನಲ್ಲಿ ತಲೆಗೆ ಹೆಲ್ಮೆಟ್ ಕಟ್ಟಿಕೊಂಡು ಸೈಕಲ್ ತುಳಿಯುವವನಿಗೆ ಮಾತ್ರ ರಜೆ ಬಂತೆಂದರೆ ಏನಾದರೊಂದು ಆಗಿಯೇ ತೀರುತ್ತದೆ.

ನಾನು ತುಮಕೂರಿನವನು. ಬ್ಯಾಂಕಿನವರು ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು. ಇಲ್ಲಿಯ ಡಾಕ್ಟರು, ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ ಎಂದು ಹೆದರಿಸಿ ಸೈಕಲ್ ಹತ್ತಿಸಿದರು. ಜೊತೆಗೆ ಸಿಕ್ಕವನು ನಮ್ಮದೇ ಶಾಖೆಯ ಕೌಂಟರಿನಲ್ಲಿ ಕೂರುವ ಧಾರವಾಡದ ಗೆಳೆಯ. ಊರಿನಿಂದ ಭೀಮುನಿಪಟ್ಟಣಕ್ಕೆ, ಇಲ್ಲಿಯವರ ಬಾಯಲ್ಲಿ ಭೀಮಿಲಿಗೆ, ಒಂದು ಪಕ್ಕ ಗುಡ್ಡ ಇನ್ನೊಂದು ಪಕ್ಕ ಸಮುದ್ರ ಇಟ್ಟುಕೊಂಡು ಏರಿಳಿಯುವ ರಸ್ತೆಯಿದೆ. ನೋಡುವವರಿಗೆ ಸ್ವರ್ಗ. ತುಳಿಯುವವನಿಗೆ ಏರು ಬಂದಾಗ ಸಮುದ್ರವೂ ಕಾಣಿಸುವುದಿಲ್ಲ, ಗುಡ್ಡವೂ ಕಾಣಿಸುವುದಿಲ್ಲ, ಮುಂದಿನ ಗಾಲಿ ಮಾತ್ರ ಕಾಣಿಸುತ್ತದೆ.

ಗಾಲಿ

ಗಾಲಿ ಎಂದೆನಲ್ಲ, ಮೊದಲ ಪಜೀತಿ ಅದರದ್ದೇ. ಋಷಿಕೊಂಡದ ಇಳಿಜಾರಿನಲ್ಲಿ ಗುಂಡಿಗೆ ಬಿದ್ದು ನನ್ನ ಮುಂದಿನ ಗಾಲಿ ಕರಿದ ಹಪ್ಪಳದ ಹಾಗೆ ಸೊಟ್ಟಗಾಯಿತು. ಗೆಳೆಯ ಇನ್ನೂ ಹಿಂದೆ ಇದ್ದ. ಸೈಕಲ್ಲನ್ನು ಅರ್ಧ ತಳ್ಳಿ ಅರ್ಧ ಹೊತ್ತು ಒಂದು ಸೈಕಲ್ ಶಾಪಿಗೆ ಮುಟ್ಟಿಸಿದೆ. ನಾನು ಈ ಊರಿಗೆ ಬಂದು ಆಗ ಮೂರು ವಾರ. ಕನ್ನಡ ಮಾತಿಗೆ ಒಂದು ತೆಲುಗು ಬಾಲ ಅಂಟಿಸಿದರೆ ಕೆಲಸ ನಡೆಯುತ್ತದೆ ಎಂಬ ಧೈರ್ಯದಲ್ಲಿದ್ದೆ.

"ಗಾಲಿ ಪೋಯಿಂದಿ," ಎಂದೆ.

ಶಾಪಿನವ ತಲೆಯಾಡಿಸಿ ಪಂಪು ತಂದ. ಮುಂದಕ್ಕೂ ಹಿಂದಕ್ಕೂ ಟೈರು ಕಲ್ಲಾಗುವ ತನಕ ಗಾಳಿ ಹೊಡೆದ.

"ಕಾದು, ಕಾದು. ಗಾಲಿ ಬಾಗಾಲೇದು," ಎಂದೆ. ಅದಲ್ಲ, ಗಾಲಿ ಚೆನ್ನಾಗಿಲ್ಲ ಎಂದು.

ಆತ ಪಂಪು ಕೆಳಗಿಟ್ಟು ರಸ್ತೆಗೆ ಬಂದು ಸಮುದ್ರದ ಕಡೆ ಮುಖವೊಡ್ಡಿ ನಿಂತ. "ಹೌದು ಸಾರ್, ಇವತ್ತು ಚೆನ್ನಾಗಿಲ್ಲ. ಸಂಜೆಗೆ ತಗ್ಗುತ್ತದೆ," ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದ.

ನನಗೆ ರೇಗಿತು. "ಗಾಲಿ ಮಾರ್ಚಂಡಿ!" ಎಂದು ಕೂಗಿದೆ. ಬದಲಾಯಿಸಿ ಎಂದು.

ಆತ ಕೈ ಮುಗಿದುಬಿಟ್ಟ. "ಸಾರ್, ಅದು ನನ್ನಿಂದಾಗದು. ಸಿಂಹಾಚಲಂ ಬೆಟ್ಟ ಹತ್ತಿ ಅಪ್ಪನ್ನ ಸ್ವಾಮಿಯನ್ನೇ ಕೇಳಬೇಕು."

ಅಷ್ಟರಲ್ಲಿ ಗೆಳೆಯ ಬಂದು, "ಸರ್, ತೆಲುಗಿನಾಗ ಗಾಲಿ ಅಂದ್ರ ಗಾಳಿ ರೀ. ನಮ್ಮ ಗಾಲಿಗೆ ಅವರು ಚಕ್ರಂ ಅಂತಾರ," ಎಂದು ಬಿಡಿಸಿ ಹೇಳಿದ. ಶಾಪಿನವ ಹೊಟ್ಟೆ ಹಿಡಿದುಕೊಂಡು ನಕ್ಕ. ಗಾಲಿಯನ್ನು ತಟ್ಟಿ ಕುಟ್ಟಿ ನೆಟ್ಟಗೆ ಮಾಡಿ ಕೊಟ್ಟ. ಹೊರಡುವಾಗ ಬೆನ್ನು ತಟ್ಟಿ ಹೇಳಿದ: "ಸಾರ್, ಚಕ್ರಂ ಓಕೆ. ಗಾಲಿ ಓಕೆ. ತೆಲುಗು ಮಾತ್ರ ಬೇರೆ ಕಡೆ ರಿಪೇರಿ ಮಾಡಿಸಿಕೊಳ್ಳಿ."

ಮೆತ್ತೆ

ದೂರ ತುಳಿಯುವವರಿಗೆಂದೇ ಒಂದು ಚಡ್ಡಿ ಸಿಗುತ್ತದೆ. ಕೂರುವ ಜಾಗಕ್ಕೆ ಒಳಗಡೆ ದಪ್ಪ ಮೆತ್ತೆ ಹೊಲಿದಿರುತ್ತಾರೆ. ನಾನೂ ಒಂದು ತರಿಸಿ, ಒಗೆದಿರಲಿ ಎಂದು ಬಕೆಟ್ಟಿಗೆ ಹಾಕಿದ್ದೆ. ಭಾನುವಾರ ಅದನ್ನೇ ಹಾಕಿಕೊಂಡು ಭೀಮಿಲಿಗೆ ಹೋಗಿ ಬಂದೆ. ಇಷ್ಟು ದುಬಾರಿ ಚಡ್ಡಿ ಹಾಕಿದರೂ ಹೀಗೇಕೆ ಉರಿಯುತ್ತಿದೆ ಎಂದು ತಿಳಿಯಲಿಲ್ಲ. ಸೋಮವಾರ ಬ್ಯಾಂಕಿನಲ್ಲಿ ಇಡೀ ದಿನ ನಿಂತೇ ಕೆಲಸ ಮಾಡಿದೆ. ಗ್ರಾಹಕರು, ಏನು ಮರ್ಯಾದಸ್ಥ ಆಫೀಸರು ಎಂದು ಮೆಚ್ಚಿದರು.

ಆ ವಾರವೇ ಗೆಳೆಯ ನಮ್ಮನೆಗೆ ಊಟಕ್ಕೆ ಬಂದ. ನನ್ನ ಹೆಂಡತಿ ಕುದಿಯುವ ಸಾಂಬಾರಿನ ಪಾತ್ರೆಯನ್ನು ಏನೋ ನೀಲಿ ಬಣ್ಣದ ಮೆತ್ತನೆಯದರಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟಳು.

"ವೈನಿ, ಈ ಹಿಡಿಯೋದು ಭಾಳ ಛಲೋ ಅದ ನೋಡ್ರಿ. ಎಲ್ಲಿ ತಗೊಂಡ್ರಿ?" ಎಂದ ಗೆಳೆಯ, ಎರಡನೇ ಸಲ ಬಡಿಸಿಕೊಳ್ಳುತ್ತ.

"ತಗೊಂಡಿಲ್ಲಪ್ಪ. ಇವರ ಹೊಸಾ ಚಡ್ಡಿ ಒಳಗಿತ್ತು. ಅಂಗಡಿಯೋರು ತೆಗೆಯೋದು ಮರೆತುಬಿಟ್ಟಿದ್ರು ಅನ್ಸುತ್ತೆ. ಕತ್ತರಿಸಿ ಇಟ್ಕೊಂಡೆ."

ಗೆಳೆಯ ಈಗಲೂ ನಮ್ಮನೆಗೆ ಬರುತ್ತಾನೆ. ಮೊಸರನ್ನ ಮಾತ್ರ ತಿನ್ನುತ್ತಾನೆ.

ಒಣಮೀನು

ಭೀಮಿಲಿಗೆ ಸ್ವಲ್ಪ ಹಿಂದೆ ರಸ್ತೆ ಪಕ್ಕದಲ್ಲೇ ಮೀನು ಒಣಗಿಸುತ್ತಾರೆ. ಅಲ್ಲೊಂದು ಏರು ಹತ್ತಿ ಉಸಿರು ಸಿಕ್ಕದೆ ನಿಂತೆ. ಮೀನು ಹರವುತ್ತಿದ್ದ ಅಜ್ಜಿಯೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೈಗಂಟಿದ ಅಂಗಿ, ತೊಡೆಗಂಟಿದ ಚಡ್ಡಿ, ತಲೆಯ ಮೇಲೆ ತೂತುತೂತಿನ ಬುಟ್ಟಿ.

"ಬಾಬೂ, ಮಕ್ಕಳಿಲ್ಲವಾ?" ಎಂದು ಕೇಳಿದಳು.

"ಮಗಳಿದ್ದಾಳೆ."

"ನೋಡಿಕೊಳ್ಳೋದಿಲ್ಲವಾ?"

"ನೋಡಿಕೊಳ್ಳುತ್ತಾಳೆ. ನನಗೇ ಬ್ಯಾಂಕಿನಲ್ಲಿ ಕೆಲಸವಿದೆ."

"ಮತ್ತೆ ಬೈಕು?"

"ಮನೆಯಲ್ಲಿದೆ. ಕಾರೂ ಇದೆ."

ಅಜ್ಜಿ ಪಕ್ಕದ ಹೆಂಗಸಿನ ಕಡೆ ತಿರುಗಿ ತಲೆಯ ಹತ್ತಿರ ಬೆರಳು ತಿರುಗಿಸಿ, "ಪಾಪಂ," ಎಂದಳು. ಒಂದು ಕಾಗದದಲ್ಲಿ ಎರಡು ಹಿಡಿ ಒಣಮೀನು ಸುತ್ತಿ, ಚೆನ್ನಾಗಿ ಉಂಡು ಮಲಗು ಎಂದು ಕೈಗಿಟ್ಟಳು. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆದರೆ ಆ ವಯಸ್ಸಿನ ಕೈ ಕೊಟ್ಟದ್ದನ್ನು ಬೇಡ ಎನ್ನಲು ಬಾಯಿ ಬರಲಿಲ್ಲ. ಕ್ಯಾರಿಯರಿಗೆ ಕಟ್ಟಿಕೊಂಡು ಊರ ಕಡೆ ತಿರುಗಿದೆ.

ಮೊದಲು ಒಂದು ನಾಯಿ ಬಂತು. ಮುಂದಿನ ತಿರುವಿನಲ್ಲಿ ಮೂರಾದವು. ಆಮೇಲೆ ದಾರಿಯ ಪ್ರತಿ ಹಳ್ಳಿಯೂ ತನ್ನ ಪಾಲಿನದನ್ನು ಕಳಿಸಿಕೊಟ್ಟಿತು. ಪೊಟ್ಟಣ ಬಿಚ್ಚಿ ಎಸೆಯೋಣವೆಂದರೆ ನಿಲ್ಲಬೇಕು, ನಿಂತರೆ ನಾನು ಉಳಿಯುವುದಿಲ್ಲ. ನಾನು ಸದಾ ಇಳಿದು ತಳ್ಳುವ ಋಷಿಕೊಂಡದ ಏರನ್ನು ಅಂದು ಕೂತೇ ಹತ್ತಿದೆ. ಮೇಲೆ ಮಜ್ಜಿಗೆ ಕುಡಿಯುತ್ತ ನನಗಾಗಿ ಕಾಯುತ್ತಿದ್ದ ಗೆಳೆಯ "ಸರ್! ಸರ್!" ಎನ್ನುವಷ್ಟರಲ್ಲಿ ದಾಟಿ ಹೋಗಿದ್ದೆ. ಕೊನೆಗೆ ದಾರ ತಾನೇ ಕಳಚಿ ಪೊಟ್ಟಣ ಬಿತ್ತು. ನಾಯಿಗಳ ಪಯಣ ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಮೊಬೈಲ್ ನೋಡಿದರೆ, ಸೈಕಲ್ಲಿನ ಲೆಕ್ಕ ಇಡುವ ಆ್ಯಪು, "ಅಭಿನಂದನೆಗಳು! ಇದು ನಿಮ್ಮ ಜೀವನದ ಅತ್ಯಂತ ವೇಗದ ಸವಾರಿ. ಹೀಗೇ ಮುಂದುವರಿಸಿ!" ಎಂದಿತ್ತು.

ಹೋಗ್ಬಿಟ್ರು

ನನ್ನ ಹೆಂಡತಿಯ ತಂಗಿಯನ್ನು ವಿಜಯವಾಡದ ತೆಲುಗು ಮನೆಗೆ ಕೊಟ್ಟಿದ್ದಾರೆ. ಆಕೆಯ ಮಗಳಿಗೆ ಕನ್ನಡ ಬರುತ್ತದೆ, ಆದರೆ ಮೆಟ್ಟಿಲ ತನಕ ಬಂದು ಒಳಗೆ ಬರುವುದಿಲ್ಲ. ಒಂದು ರಜಾ ದಿನ ನಾನು ಬೆಳಗಾಗುತ್ತಲೇ ಸೈಕಲ್ ಹತ್ತಿ ಹೋಗಿದ್ದಾಗ ಆ ಹುಡುಗಿ ಫೋನ್ ಮಾಡಿ, "ದೊಡ್ಡಮ್ಮ, ದೊಡ್ಡಪ್ಪ ಎಲ್ಲಿ?" ಎಂದು ಕೇಳಿದಳು.

ನನ್ನ ಹೆಂಡತಿ, "ಬೆಳಗ್ಗೇನೇ ಹೋಗ್ಬಿಟ್ರು ಕಣೆ. ನಾನು ನಿದ್ದೇಲಿದ್ದೆ, ಗೊತ್ತೇ ಆಗ್ಲಿಲ್ಲ. ಸೈಕಲ್ ಸೈಕಲ್ ಅಂತ ಒಂದೇ ಸಮ ಒದ್ದಾಡ್ತಿದ್ರು. ಈಗ ಮನೆ ತಣ್ಣಗಿದೆ. ಆರಾಮಾಗಿ ಕಾಫಿ ಕುಡೀತಾ ಇದ್ದೀನಿ," ಎಂದಳಂತೆ. ಅಷ್ಟರಲ್ಲಿ ಕುಕ್ಕರ್ ಕೂಗಿತೆಂದು ಫೋನ್ ಇಟ್ಟಳು.

ಹುಡುಗಿ ಅಳುತ್ತ ಹೋಗಿ ಅಪ್ಪನ ಕಡೆಯ ಅಜ್ಜಿಗೆ, "ಪೆದನಾನ್ನ ಪೋಯಾರು," ಎಂದಳು. ತೆಲುಗಿನಲ್ಲಿಯೂ ದೊಡ್ಡಪ್ಪ ಹೋದರು ಎಂದರೆ ಎರಡೂ ಅರ್ಥ. ದೊಡ್ಡಮ್ಮನಿಗೆ ದುಃಖದಲ್ಲಿ ತಲೆ ಕೆಟ್ಟು ಏನೇನೋ ಮಾತಾಡುತ್ತಿದ್ದಾರೆ ಎಂದೂ ಸೇರಿಸಿದಳು. ಇಂಥ ಹೊತ್ತಲ್ಲಿ ಫೋನ್ ಮಾಡಿ ಕೇಳಬಾರದು, ನೇರ ಹೋಗಬೇಕು ಎಂದು ಅಜ್ಜಿ ತೀರ್ಮಾನಿಸಿದರು. ಸಿಕ್ಕ ರೈಲು ಹತ್ತಿ ಮೂವರೂ ಸಂಜೆಗೆ ನಮ್ಮ ಬಾಗಿಲಿಗೆ ಬಂದರು.

ಬಾಗಿಲು ತೆಗೆದವನು ನಾನು. ಬನಿಯನ್ನು, ಲುಂಗಿ, ಕೈಯಲ್ಲಿ ಕಲ್ಲಂಗಡಿ ಹೋಳು. ಹುಡುಗಿ ಕಿಟಾರನೆ ಕಿರುಚಿದಳು. ನಾದಿನಿ ಒಳಗೆ ಓಡಿ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಯಾಕೆಂದು ಗೊತ್ತಿಲ್ಲದಿದ್ದರೂ ತಂಗಿ ಅಳುತ್ತಿದ್ದಾಳಲ್ಲ ಎಂದು ನನ್ನ ಹೆಂಡತಿಯೂ ಜೋರಾಗಿ ಅತ್ತಳು. ವಿಷಯ ಬಿಡಿಸಿಕೊಳ್ಳಲು ಕಾಲು ಗಂಟೆ ಬೇಕಾಯಿತು.

ಅಜ್ಜಿ ಮಾತ್ರ ಅಳಲಿಲ್ಲ. ಚೀಲದಿಂದ ಎರಡು ಮೊಳದ ಗುಲಾಬಿ ಹಾರ ತೆಗೆದು, ನನ್ನನ್ನೊಮ್ಮೆ ಹಾರವನ್ನೊಮ್ಮೆ ನೋಡಿದರು. "ಅಷ್ಟು ದೂರದಿಂದ ತಂದಿದ್ದೇವೆ, ಬಾಡಿ ಹೋಗುತ್ತದೆ. ಸನ್ಮಾನ ಅಂದುಕೊಳ್ಳಿ," ಎಂದು ನನ್ನ ಕೊರಳಿಗೇ ಹಾಕಿದರು.

ಕೆಂಪು ಟೀ ಶರ್ಟು

ಚಳಿಗಾಲದಲ್ಲಿ ಇಲ್ಲಿಯ ಎಷ್ಟೋ ಜನ ಭವಾನಿ ದೀಕ್ಷೆ ಹಿಡಿಯುತ್ತಾರೆ. ಕೆಂಪು ಬಟ್ಟೆ, ಗಡ್ಡ, ಬರಿಗಾಲು. ಹಾಗೇ ವಿಜಯವಾಡದ ಬೆಟ್ಟದ ಕನಕದುರ್ಗೆಯ ದರ್ಶನಕ್ಕೆ ಹೋಗುತ್ತಾರೆ. ಇದು ನಮಗೆ ಗೊತ್ತಿತ್ತು, ಆದರೆ ಆ ದಿನ ನೆನಪಿರಲಿಲ್ಲ. ಗೆಳೆಯ ಇಬ್ಬರಿಗೂ ಕೆಂಪು ಟೀ ಶರ್ಟು ತಂದಿದ್ದ. ಮುಖದಲ್ಲಿ ಏನೋ ತುರಿಕೆ ಎಂದು ಹತ್ತು ದಿನದಿಂದ ಗಡ್ಡ ಬಿಟ್ಟಿದ್ದ. ಭೀಮಿಲಿಯಲ್ಲಿ ಅಲೆಗೆ ಸಿಕ್ಕಿ ಇಬ್ಬರ ಬೂಟೂ ನೆನೆದವು. ಹ್ಯಾಂಡಲ್ಲಿಗೆ ನೇತುಹಾಕಿ ಬರಿಗಾಲಲ್ಲೇ ತುಳಿಯುತ್ತ ಹೊರಟೆವು.

ದಾರಿಯ ಒಂದು ಹಳ್ಳಿಯಲ್ಲಿ ಜನ ಕೈಮುಗಿದು ಅಡ್ಡ ನಿಂತರು. "ಜೈ ಭವಾನಿ! ಸ್ವಾಮೀ, ವಿಜಯವಾಡಕ್ಕೆ ಸೈಕಲ್ಲಿನಲ್ಲೇ ಹೊರಟಿರಾ?"

ಉತ್ತರ ಹೇಳುವ ಮೊದಲೇ ಹೆಂಗಸರು ಕಾಲಿಗೆ ಅರಿಶಿನದ ನೀರು ಹೊಯ್ದರು. ಶಾಮಿಯಾನದ ಕೆಳಗೆ ಚಾಪೆ ಹಾಸಿ ಕೂರಿಸಿದರು. "ಮೇಮು ಸ್ವಾಮುಲು ಕಾದಂಡಿ. ಬ್ಯಾಂಕುಲೋ ಉದ್ಯೋಗಂ," ಎಂದೆ. ನಾವು ಸ್ವಾಮಿಗಳಲ್ಲ, ಬ್ಯಾಂಕಿನವರು ಎಂದು.

ಊರಿನ ಹಿರಿಯರು ಜನರ ಕಡೆ ತಿರುಗಿ, "ನೋಡಿ, ಎಂಥ ವಿನಯ! ಉದ್ಯೋಗ ಮಾಡಿಕೊಂಡೇ ದೀಕ್ಷೆ," ಎಂದರು.

ನಾನು ಏಳಲು ಹೋದೆ. ಗೆಳೆಯ ಟೀ ಶರ್ಟು ಹಿಡಿದು ಎಳೆದ. "ಸರ್, ಸುಮ್ನ ಕೂಡ್ರಿ. ಪುಳಿಹೋರ ಬರಾಕತ್ತೈತಿ."

ಪುಳಿಹೋರ, ಅಂದರೆ ನಮ್ಮ ಪುಳಿಯೋಗರೆ, ಬಂತು, ಸಿಹಿ ಪೊಂಗಲೂ ಬಂತು. ಹಿಂದೆಯೇ, ಎರಡು ಒಳ್ಳೆಯ ಮಾತು ಹೇಳಿ ಸ್ವಾಮೀ ಎಂಬ ಬೇಡಿಕೆಯೂ ಬಂತು. ಗೆಳೆಯ ಬಾಯಿ ತುಂಬ ಪುಳಿಹೋರ ಇಟ್ಟುಕೊಂಡಿದ್ದ. ನುಂಗಿದವನೇ ಗಾಬರಿಯಲ್ಲಿ ಧಾರವಾಡದ ಕನ್ನಡದಲ್ಲೇ ಶುರು ಮಾಡಿದ. "ಏರು ಬಂದ್ರ ಬೈಬ್ಯಾಡ್ರಿ. ಇಳಿಜಾರು ಬಂದ್ರ ಹಿಗ್ಗಬ್ಯಾಡ್ರಿ. ಮುಂದಿನ ಬ್ರೇಕ್ ಒಂದನ್ನ ಹಿಡೀಬ್ಯಾಡ್ರಿ." ಜನ ಕಣ್ಣು ಮುಚ್ಚಿ ಕೇಳಿದರು. ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು.

ಆಗ ಹಿಂದಿನಿಂದ ದಪ್ಪ ಕನ್ನಡಕದ ಯಜಮಾನರೊಬ್ಬರು ಎದ್ದು ಬಂದರು. ಗೆಳೆಯನ ಮುಖದ ಹತ್ತಿರವೇ ಬಗ್ಗಿ ನೋಡಿದರು. "ಸ್ವಾಮೀ, ನಿಮ್ಮನ್ನು ಎಲ್ಲೋ ನೋಡಿದ್ದೇನೆ."

ಗೆಳೆಯ ಗಟ್ಟಿಯಾಗಿ ಕಣ್ಣು ಮುಚ್ಚಿದ.

"ಬ್ಯಾಂಕು! ಮೂರನೇ ಕೌಂಟರು!"

ಸೈಕಲ್ ಎಷ್ಟು ದೂರದಲ್ಲಿದೆ, ನಡುವೆ ಎಷ್ಟು ಜನ ಇದ್ದಾರೆ ಎಂದು ಕಣ್ಣಲ್ಲೇ ಅಳೆದೆ.

ಯಜಮಾನರು ಜನರ ಕಡೆ ತಿರುಗಿದರು. "ನನ್ನ ವಿಳಾಸ ಬದಲಾಯಿಸಿ ಎಂದು ಆರು ತಿಂಗಳಿಂದ ಇವರ ಕೌಂಟರಿಗೆ ಹೋಗುತ್ತಿದ್ದೇನೆ. ಎಷ್ಟು ಕೂಗಿದರೂ ಇವರು ತಲೆ ಎತ್ತಿಲ್ಲ. ಒಂದು ಮಾತಾಡಿಲ್ಲ. ಸೊಕ್ಕು ಅಂದುಕೊಂಡು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೋ!"

ಅವರು ದೊಪ್ಪನೆ ಗೆಳೆಯನ ಕಾಲಿಗೆ ಬಿದ್ದರು.

"ಕ್ಷಮಿಸಿ ಸ್ವಾಮೀ! ಅದು ಧ್ಯಾನ ಅಂತ ಇವತ್ತು ಗೊತ್ತಾಯಿತು!"